ಇಲಿಜ್ವರದಲ್ಲಿ ಕಿಡ್ನಿ ಸೋಲುವುದು ಏಕೆ?

ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗಿದ ರಾತ್ರಿಯನ್ನು ನೆನಪು ಮಾಡಿಕೊಳ್ಳಿ. ಅಟ್ಟಣಿಗೆಯ ಮೇಲೆ ಮಲಗಿದವನು ಕೂಗು ಹಾಕುತ್ತಾನೆ. ಅಕ್ಕಪಕ್ಕದ ಹೊಲದವರು ಬಡಿಗೆ, ಬ್ಯಾಟರಿ ಹಿಡಿದು ಓಡಿ ಬರುತ್ತಾರೆ. ಹಂದಿ ಓಡಿ ಹೋಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಹಂದಿ ತಿಂದದ್ದು ಎರಡು ಸಾಲು, ನಾವು ತುಳಿದದ್ದು ಹತ್ತು ಸಾಲು. ಹಾಗಂತ ಕೂಗು ಹಾಕದೆ ಇರಲಿಕ್ಕೆ ಆಗ್ತದೆಯೆ? ಹಾಕದಿದ್ದರೆ ಹೊಲವೇ ಹೋಗುತ್ತಿತ್ತು.

ಮೂರು ವರ್ಷದ ಹಿಂದೆ ಇಲಿಜ್ವರ ಬಂದು ನನ್ನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆ. ನಾಲ್ಕು ಸಲ ಯಂತ್ರದಲ್ಲಿ ರಕ್ತ ತೊಳೆದರು, ಅಂದರೆ ಡಯಾಲಿಸಿಸ್ ಮಾಡಿದರು. ಎರಡು ಎತ್ತು ಮಾರಿದೆ. ಬದುಕಿ ಬಂದೆ. "ಆ ಹುಳು ನನ್ನ ಕಿಡ್ನಿ ತಿಂದಿತಾ?" ಅಂತ ಅಲ್ಲಿನ ಡಾಕ್ಟರನ್ನು ಕೇಳಿದೆ. "ಹುಳು ಮಾಡಿದ್ದು ಅರ್ಧ, ನಿಮ್ಮ ಮೈ ಅದರ ಮೇಲೆ ಮಾಡಿದ ಯುದ್ಧದಲ್ಲಿ ಆದದ್ದು ಅರ್ಧ" ಅಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಆಮೇಲೆ ಕೇಳಿ, ಓದಿಸಿಕೊಂಡು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ನನಗೆ ಅರ್ಥವಾದ ಮೇಲೆ ನಿಮಗೂ ಆಗ್ತದೆ.

ಕಿಡ್ನಿ ಎಂಬ ಸೋಸುವ ಹೊಲ

ಒಂದು ಕಿಡ್ನಿಯ ತೂಕ ಸುಮಾರು 150 ಗ್ರಾಂ. ಅಷ್ಟರಲ್ಲೇ ಹತ್ತು ಲಕ್ಷದ ಆಸುಪಾಸು ಸಣ್ಣ ಸಣ್ಣ ಸೋಸುವ ಘಟಕಗಳಿವೆ. ಇವಕ್ಕೆ ನೆಫ್ರಾನ್ ಎನ್ನುತ್ತಾರೆ. ಪ್ರತಿ ಘಟಕದ ತಲೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ. ಅದರಿಂದ ಹೊರಡುವ ಒಂದು ನಳಿಕೆ ಡೊಂಕಾಗಿ ಇಳಿದು, ಮತ್ತೆ ಮೇಲೆ ಹತ್ತಿ, ಕೊನೆಗೆ ದೊಡ್ಡ ಕಾಲುವೆ ಸೇರುತ್ತದೆ. ಉಂಡೆಯನ್ನು ಇಟಲಿಯ ಮಾಲ್ಪಿಗಿ ಎಂಬುವರು 1666ರಲ್ಲೇ ಬರೆದಿಟ್ಟಿದ್ದರು. ಉಂಡೆಗೂ ನಳಿಕೆಗೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಬೋಮನ್ 1842ರಲ್ಲಿ ತೋರಿಸಿಕೊಟ್ಟರು.

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹೊರಗೆ ಹೋಗುವ ಮೂತ್ರ ಮಾತ್ರ ಒಂದೂವರೆ ಲೀಟರಿನಷ್ಟು. ಉಳಿದ ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ನಳಿಕೆಯ ಗೋಡೆಯ ಜೀವಕೋಶಗಳು ಹಿಂದಕ್ಕೆ ಎಳೆದು ರಕ್ತಕ್ಕೆ ಕೊಡುತ್ತವೆ. ಮಳೆ ನೀರನ್ನು ಒಡ್ಡು ಹಾಕಿ ಹೊಲದಲ್ಲೇ ಹಿಂಗಿಸುವ ನಮ್ಮ ಕೆಲಸದ ಹಾಗೆಯೇ ಇದು. ಈ ಕೋಶಗಳಿಗೆ ಹಗಲು ರಾತ್ರಿ ದುಡಿಮೆ. ಅದಕ್ಕೆ ಬಹಳ ಆಮ್ಲಜನಕ, ಬಹಳ ರಕ್ತ ಬೇಕು. ಗುಂಡಿಗೆ ಒತ್ತುವ ರಕ್ತದಲ್ಲಿ ಐದನೇ ಒಂದು ಪಾಲಿನಷ್ಟು ಈ ಎರಡು ಸಣ್ಣ ಅಂಗಗಳಿಗೇ ಹೋಗುತ್ತದೆ. ಹಾಗಾಗಿ ರಕ್ತದಲ್ಲಿ ಏನೇ ಬಂದರೂ, ಔಷಧವಾಗಲಿ, ವಿಷವಾಗಲಿ, ರೋಗಾಣುವಾಗಲಿ, ಕಿಡ್ನಿಯ ಬಾಗಿಲು ತಟ್ಟದೆ ಹೋಗುವುದಿಲ್ಲ.

ಕೂಲಿಯೂ ಅವರೇ, ಕಾವಲೂ ಅವರೇ

ರೋಗದ ಮೇಲೆ ಹೋರಾಡುವುದು ಬಿಳಿ ರಕ್ತಕಣ ಮಾತ್ರ, ಕಿಡ್ನಿಯ ಕೋಶ ಬರೀ ಸೋಸುವ ಕೂಲಿ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಕಿಡ್ನಿಯ ಒಳಗೆ ಮೊದಲಿನಿಂದಲೂ ಬೀಡು ಬಿಟ್ಟ ಕೆಲವು ಬಿಳಿಕಣಗಳು ಇವೆ, ನಿಜ. ಆದರೆ ನಳಿಕೆಯ ಗೋಡೆಯ ಕೋಶಗಳೂ ರಕ್ತನಾಳದ ಒಳಪದರದ ಕೋಶಗಳೂ ಕಾವಲಿನಲ್ಲಿ ಪಾಲು ತೆಗೆದುಕೊಳ್ಳುತ್ತವೆ.

ಅದು ಹೇಗೆ? ಕೋಶದ ಮೈಮೇಲೆ ಮೂಸಿ ನೋಡುವಂಥ ಸಣ್ಣ ಗುಬಟುಗಳಿರುತ್ತವೆ. ಇವನ್ನು ಟೋಲ್ ಮಾದರಿಯ ಗ್ರಾಹಕಗಳು ಎನ್ನುತ್ತಾರೆ. ಮನುಷ್ಯರಲ್ಲಿ ಇವು ಹತ್ತು ಬಗೆ, ಒಂದೊಂದಕ್ಕೂ ಒಂದು ನಂಬರು. ಒಂದೊಂದು ಬಗೆ ಒಂದೊಂದು ವಾಸನೆ ಹಿಡಿಯುತ್ತದೆ. ಒಂದು ಬ್ಯಾಕ್ಟೀರಿಯಾದ ತೊಗಟೆಯ ಕೊಬ್ಬನ್ನು ಗುರುತಿಸಿದರೆ, ಇನ್ನೊಂದು ವೈರಸ್ಸಿನ ಎಳೆಯನ್ನು ಗುರುತಿಸುತ್ತದೆ. ನಮ್ಮದೇ ಕೋಶ ಒಡೆದು ಒಳಗಿನ ಸಾಮಾನು ಚೆಲ್ಲಿದರೂ ಕೆಲವು ಬಗೆಗಳಿಗೆ ಗೊತ್ತಾಗುತ್ತದೆ.

ಈ ಸಂಗತಿ ಹೊರಗೆ ಬಂದದ್ದು ಬಾಳೆಹಣ್ಣಿನ ಮೇಲೆ ಕೂರುವ ಚಿಕ್ಕ ನೊಣದಿಂದ. ಆ ನೊಣದಲ್ಲಿ ಟೋಲ್ ಎಂಬ ಜೀನು ಕೆಟ್ಟರೆ ಅದು ಬೂಷ್ಟು ರೋಗಕ್ಕೆ ಸುಲಭವಾಗಿ ಸಾಯುತ್ತದೆ ಎಂದು 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡದವರು ಕಂಡುಕೊಂಡರು. ಇಲಿಗಳಲ್ಲಿ ಬ್ಯಾಕ್ಟೀರಿಯಾದ ತೊಗಟೆಯನ್ನು ಗುರುತಿಸುವುದು ಇಂಥದೇ ಗ್ರಾಹಕ ಎಂದು 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ತೋರಿಸಿದರು. 2011ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಇಂಥ ಗ್ರಾಹಕಗಳು ಬಿಳಿಕಣದಲ್ಲಿ ಮಾತ್ರ ಅಲ್ಲ, ಕಿಡ್ನಿಯ ನಳಿಕೆಯ ಕೋಶಗಳಲ್ಲೂ ಇವೆ.

ಗುರುತು ಸಿಕ್ಕ ಕೂಡಲೇ ಕೋಶ ಕೂಗು ಹಾಕುತ್ತದೆ. ಅದರ ಕೂಗು ಸದ್ದಲ್ಲ, ರಾಸಾಯನಿಕ. ಕೋಶ ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಗೆ ಬಿಡುತ್ತದೆ. ಆ ಜಾಡು ಹಿಡಿದು ರಕ್ತದಲ್ಲಿದ್ದ ಬಿಳಿಕಣಗಳು ಬರುತ್ತವೆ. ಪಕ್ಕದ ರಕ್ತನಾಳದ ಒಳಪದರದ ಕೋಶಗಳು ತಮ್ಮ ಮೈಮೇಲೆ ಅಂಟಿನಂಥ ಕೊಂಡಿಗಳನ್ನು ಎಬ್ಬಿಸುತ್ತವೆ. ಓಡುತ್ತಿದ್ದ ಬಿಳಿಕಣ ಅದಕ್ಕೆ ಸಿಕ್ಕಿ, ನಿಂತು, ಸಂದಿನಲ್ಲಿ ತೂರಿ ಹೊರಗೆ ಬರುತ್ತದೆ. ನಾಳ ಸಡಿಲವಾಗಿ ನೀರೂ ಜಿನುಗುತ್ತದೆ. ಆ ಜಾಗ ಊದುತ್ತದೆ. ಇದನ್ನೇ ಉರಿಯೂತ ಎನ್ನುವುದು. ಕಾಲಿಗೆ ಜಾಲಿಮುಳ್ಳು ಮುರಿದಾಗ ಆಗುವುದೂ ಇದೇ. ವ್ಯತ್ಯಾಸ ಏನೆಂದರೆ, ಕಾಲು ಊದಿದರೆ ಕಣ್ಣಿಗೆ ಕಾಣುತ್ತದೆ, ಕಿಡ್ನಿ ಊದಿದರೆ ಕಾಣುವುದಿಲ್ಲ.

ಜಗಳವಿಲ್ಲದ ಕಾವಲು

ಯಾವಾಗಲೂ ಹೀಗೆ ಗದ್ದಲವೇ ಆಗಬೇಕೆಂದಿಲ್ಲ. ಹೊಲಕ್ಕೆ ಬೇಲಿ ಇದ್ದ ಹಾಗೆ ಕಿಡ್ನಿಗೂ ದಿನನಿತ್ಯದ ಬೇಲಿಗಳಿವೆ.

ನಳಿಕೆ ಮೇಲೆ ಹತ್ತುವ ಭಾಗದ ಕೋಶಗಳು ಯೂರೋಮಾಡ್ಯೂಲಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತವೆ. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವ ಪ್ರೋಟೀನು ಇದೇ. 1950ರಲ್ಲಿ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಎಂಬ ಇಬ್ಬರು ಇದನ್ನು ಬೇರೆ ಮಾಡಿ ತೋರಿಸಿದರು. ಇದು ಉದ್ದುದ್ದ ಎಳೆಯಾಗಿ ನಿಂತು, ಕೆಳಗಿನಿಂದ ಹತ್ತಿ ಬರುವ ಬ್ಯಾಕ್ಟೀರಿಯಾಗಳನ್ನು ಬಲೆಯಲ್ಲಿ ಹಿಡಿದ ಹಾಗೆ ಹಿಡಿಯುತ್ತದೆ. ಮೂತ್ರ ಹೋದಾಗ ಅವೂ ಕೊಚ್ಚಿ ಹೋಗುತ್ತವೆ. ಕೊನೆಯ ಕಾಲುವೆಯ ಕೆಲವು ಕೋಶಗಳು ಮೂತ್ರವನ್ನು ಹುಳಿ ಮಾಡುತ್ತವೆ, ಜೊತೆಗೆ ರೋಗಾಣು ಕೊಲ್ಲುವ ಪ್ರೋಟೀನನ್ನೂ ಸುರಿಸುತ್ತವೆ.

ಇನ್ನೊಂದು ಸಂಗತಿ ನನಗೆ ಬಹಳ ಸೋಜಿಗ ಅನ್ನಿಸಿತು. ಕಿಡ್ನಿಯ ಒಳಭಾಗ ಬಹಳ ಉಪ್ಪು. ನೀರನ್ನು ಹಿಂದಕ್ಕೆ ಎಳೆಯುವುದಕ್ಕಾಗಿ ಆ ಉಪ್ಪು ಬೇಕು. ಅಲ್ಲಿನ ನಳಿಕೆಯ ಕೋಶಗಳು ಈ ಉಪ್ಪಿನ ಗುರುತಿನಿಂದಲೇ ಬಿಳಿಕಣಗಳನ್ನು ಕರೆದು ಒಳಭಾಗದಲ್ಲಿ ಕಾವಲಿಗೆ ನಿಲ್ಲಿಸುತ್ತವೆ ಎಂದು 2017ರಲ್ಲಿ ಇಲಿಗಳ ಮೇಲೆ ಮಾಡಿದ ಅಧ್ಯಯನವೊಂದು ತೋರಿಸಿತು. ಮೂತ್ರದ ದಾರಿಯಲ್ಲಿ ಹತ್ತಿ ಬರುವ ರೋಗಾಣು ಮೊದಲು ತಲುಪುವುದು ಅಲ್ಲಿಗೇ. ಕಳ್ಳ ಬರುವ ಓಣಿಯಲ್ಲೇ ನಾಯಿ ಕಟ್ಟಿದ ಹಾಗೆ.

ಇಲಿಜ್ವರದ ಹುಳು ಬರುವ ದಾರಿ

ಇಲಿಜ್ವರದ ರೋಗಾಣುವಿನ ಹೆಸರು ಲೆಪ್ಟೋಸ್ಪೈರಾ. ಸ್ಕ್ರೂ ಹಾಗೆ ಸುತ್ತಿದ ಬಹಳ ತೆಳು ಬ್ಯಾಕ್ಟೀರಿಯಾ. ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. 1907ರಲ್ಲಿ ಅಮೆರಿಕದ ಸ್ಟಿಮ್ಸನ್ ಎಂಬುವರು, ಹಳದಿ ಜ್ವರದಿಂದ ಸತ್ತ ಎಂದುಕೊಂಡಿದ್ದ ಒಬ್ಬ ರೋಗಿಯ ಕಿಡ್ನಿಯ ಚೂರಿನಲ್ಲಿ ಇದನ್ನು ಕಂಡರು. ನಳಿಕೆಗಳ ಒಳಗೇ ಗುಂಪು ಗುಂಪಾಗಿ ಇತ್ತಂತೆ. ಪ್ರಶ್ನೆ ಚಿಹ್ನೆಯ ಹಾಗೆ ಕಂಡದ್ದರಿಂದ ಆ ಅರ್ಥ ಬರುವ ಹೆಸರಿಟ್ಟರು. ಇದೇ ಈ ಜ್ವರಕ್ಕೆ ಕಾರಣ ಎಂದು 1915ರ ಹೊತ್ತಿಗೆ ಜಪಾನಿನ ಇನಾಡಾ ಮತ್ತು ಇಡೊ ಖಚಿತ ಮಾಡಿದರು. ಅಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಈ ಜ್ವರ ಬರುತ್ತಿತ್ತು.

ಇಲಿ, ಹೆಗ್ಗಣ ಇದನ್ನು ಕಿಡ್ನಿಯ ನಳಿಕೆಯಲ್ಲಿ ಇಟ್ಟುಕೊಂಡು ಆರಾಮವಾಗಿ ಓಡಾಡಿಕೊಂಡು ಇರುತ್ತವೆ. ತಿಂಗಳುಗಟ್ಟಲೆ ಉಚ್ಚೆಯಲ್ಲಿ ಹೊರಗೆ ಬಿಡುತ್ತವೆ. ದನ, ಹಂದಿ, ನಾಯಿಯ ಮೂತ್ರದಲ್ಲೂ ಬರಬಹುದು. ತೇವದ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇದು ವಾರಗಟ್ಟಲೆ ಬದುಕುತ್ತದೆ. ಒಣಗಿದರೆ ಸಾಯುತ್ತದೆ. ಬಿಸಿಲಿಗೂ ತಡೆಯುವುದಿಲ್ಲ. ಚರ್ಮದ ಬಿರುಕು, ಗಾಯ, ಕಣ್ಣು, ಬಾಯಿಯ ಒಳಪದರದ ಮೂಲಕ ಮೈಗೆ ಇಳಿಯುತ್ತದೆ.

ಇದು ಗದ್ದೆಯವರ ಕಾಯಿಲೆ, ಒಣ ಬೇಸಾಯದವರಿಗೆ ಏಕೆ ಬರುತ್ತದೆ ಅಂತ ನಾನೂ ಎಣಿಸಿದ್ದೆ. ಬಣವೆಯ ಅಡಿಯ ಕೊಳೆತ ಮೇವು, ಕೊಟ್ಟಿಗೆಯ ಬಚ್ಚಲ ಚರಂಡಿ, ಹೂಳು ತೆಗೆಯುವ ಕೃಷಿಹೊಂಡ, ಮಳೆಗೆ ನೆಂದ ಗೋಣಿಚೀಲ. ನಮ್ಮ ಒಣ ಭೂಮಿಯಲ್ಲೂ ಇಂಥ ಹಸಿ ಜಾಗಗಳಿವೆ, ಅಲ್ಲೆಲ್ಲ ಇಲಿಯೂ ಇದೆ. ನಾನು ಮುಂಗಾರಿನ ಮೊದಲ ಮಳೆಯ ನಂತರ ಬರಿಗಾಲಲ್ಲಿ ನಿಂತು ಬಣವೆ ಅಡಿ ಕೆರೆದು, ಕೊಟ್ಟಿಗೆ ಚರಂಡಿ ಬಳಿದಿದ್ದೆ. ಹಿಮ್ಮಡಿ ಒಡೆದು ಬೆರಳು ತೂರುವ ಹಾಗೆ ಬಿರುಕು ಬಿಟ್ಟಿತ್ತು. ಹತ್ತು ಹನ್ನೊಂದು ದಿನಕ್ಕೆ ಜ್ವರ ಬಂತು. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಬರುತ್ತದಂತೆ, ಒಮ್ಮೊಮ್ಮೆ ತಿಂಗಳೂ ಆಗಬಹುದು.

ಇಲಿಗೆ ಆಗದ್ದು ನಮಗೇಕೆ ಆಗುತ್ತದೆ?

ನಾನು ಡಾಕ್ಟರಿಗೆ ಕೇಳಿದ ಎರಡನೇ ಪ್ರಶ್ನೆ ಇದು. ಅದೇ ಹುಳು ಇಲಿಯ ಕಿಡ್ನಿಯಲ್ಲಿ ಸಂಸಾರ ಮಾಡಿಕೊಂಡಿದೆ, ಇಲಿ ಸಾಯುವುದಿಲ್ಲ. ನಾವೇಕೆ ಸಾಯಬೇಕು?

ಉತ್ತರದ ಒಂದು ಭಾಗ ಆ ಮೂಸುವ ಗುಬಟುಗಳಲ್ಲಿದೆ. ಬ್ಯಾಕ್ಟೀರಿಯಾದ ತೊಗಟೆಯನ್ನು ಹಿಡಿಯುವುದು ನಾಲ್ಕನೇ ನಂಬರಿನ ಗ್ರಾಹಕ. ಸುಂಡಿಲಿಯ ನಾಲ್ಕನೇ ನಂಬರು ಲೆಪ್ಟೋಸ್ಪೈರಾದ ತೊಗಟೆಯನ್ನು ಕೂಡಲೇ ಗುರುತಿಸುತ್ತದೆ. ರಕ್ತದಲ್ಲಿ ಹುಳು ಹೆಚ್ಚುವ ಮೊದಲೇ ಹತೋಟಿಗೆ ಬರುತ್ತದೆ, ಕಿಡ್ನಿಯ ನಳಿಕೆಯಲ್ಲಿ ಅಡಗಿದ್ದು ಮಾತ್ರ ಉಳಿಯುತ್ತದೆ. ಮನುಷ್ಯನ ನಾಲ್ಕನೇ ನಂಬರಿಗೆ ಈ ಹುಳುವಿನ ತೊಗಟೆ ಗುರುತೇ ಸಿಗುವುದಿಲ್ಲ. ಇದರ ತೊಗಟೆಯ ಕೊಬ್ಬು ಬೇರೆ ಬ್ಯಾಕ್ಟೀರಿಯಾಗಳ ಹಾಗಿಲ್ಲ. ಮುಸುಕು ಹಾಕಿಕೊಂಡು ಬಂದ ಕಳ್ಳನ ಹಾಗೆ ಮೊದಲ ಕಾವಲನ್ನು ದಾಟಿಬಿಡುತ್ತದೆ. ರಕ್ತದಲ್ಲಿ ಹೆಚ್ಚುತ್ತದೆ, ಪಿತ್ತಜನಕಾಂಗ, ಪುಪ್ಪುಸ, ಕಿಡ್ನಿ ಎಲ್ಲ ಕಡೆ ಹರಡುತ್ತದೆ.

ಹಾಗಂತ ನಮ್ಮ ಕೋಶಗಳು ಪೂರಾ ಕುರುಡಲ್ಲ. ಹುಳುವಿನ ಹೊರಮೈಯಲ್ಲಿ ಇರುವ ಪ್ರೋಟೀನುಗಳನ್ನು ನಳಿಕೆಯ ಕೋಶದ ಎರಡನೇ ನಂಬರಿನ ಗ್ರಾಹಕ ಗುರುತಿಸುತ್ತದೆ. ಆಗ ಕೂಗು ಏಳುತ್ತದೆ. ಆದರೆ ಅಷ್ಟರಲ್ಲಿ ಹುಳು ಬಹಳ ಆಗಿರುತ್ತದೆ. ತಡವಾಗಿ ಎದ್ದ ಊರು ಹೆಚ್ಚು ಗದ್ದಲ ಮಾಡುತ್ತದೆ ನೋಡಿ, ಹಾಗೆ.

ಹೊಲ ತುಳಿದ ರಾತ್ರಿ

ಈಗ ಮೊದಲು ಹೇಳಿದ ಹಂದಿಯ ಕಥೆಗೆ ಬರೋಣ. ಕೂಗು ಕೇಳಿ ಬಂದ ಬಿಳಿಕಣಗಳು ನಳಿಕೆ ನಳಿಕೆಗಳ ನಡುವಿನ ಸಂದಿನಲ್ಲಿ ತುಂಬಿಕೊಳ್ಳುತ್ತವೆ. ನೀರು ಜಿನುಗಿ ಸಂದು ಊದುತ್ತದೆ. ಕಿಡ್ನಿಯ ಮೇಲೆ ಗಟ್ಟಿ ಪೊರೆಯ ಚೀಲ ಇರುವುದರಿಂದ ಹಿಗ್ಗಲು ಜಾಗ ಸಾಲದು. ಸಣ್ಣ ರಕ್ತನಾಳಗಳು ಒತ್ತಿಕೊಳ್ಳುತ್ತವೆ. ಬಿಳಿಕಣಗಳು ರೋಗಾಣು ಸುಡಲೆಂದು ಬಿಡುವ ರಾಸಾಯನಿಕ ಪಕ್ಕದ ನಳಿಕೆಯ ಕೋಶವನ್ನೂ ಸುಡುತ್ತದೆ. ಸತ್ತ ಕೋಶಗಳು ಉದುರಿ ನಳಿಕೆಯಲ್ಲಿ ಕಟ್ಟಿಕೊಳ್ಳುತ್ತವೆ, ಹೂಳು ತುಂಬಿದ ಕಾಲುವೆಯ ಹಾಗೆ. ಜ್ವರ, ವಾಂತಿಯಿಂದ ಮೈಯ ನೀರೂ ಕಡಿಮೆ ಆಗಿರುತ್ತದೆ. ಎಲ್ಲ ಸೇರಿ ಸೋಸುವುದು ನಿಲ್ಲುತ್ತದೆ.

ಇಲಿಜ್ವರದ ಕಿಡ್ನಿಗೆ ಇನ್ನೊಂದು ಗುಣವಿದೆ. ಬಹಳ ಜನರಲ್ಲಿ ಮೊದಮೊದಲು ಮೂತ್ರ ಕಡಿಮೆ ಆಗುವುದೇ ಇಲ್ಲ. ನಳಿಕೆಯ ಕೋಶಗಳು ಉಪ್ಪನ್ನು ಹಿಂದಕ್ಕೆ ಎಳೆಯುವುದನ್ನು ಬಿಡುವುದರಿಂದ ಉಪ್ಪು, ಪೊಟ್ಯಾಸಿಯಂ, ನೀರು ಸುಮ್ಮನೆ ಸೋರಿ ಹೋಗುತ್ತವೆ. ಬೇರೆ ಕಾರಣಕ್ಕೆ ಕಿಡ್ನಿ ಕೆಟ್ಟರೆ ಸಾಮಾನ್ಯವಾಗಿ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಇಲ್ಲಿ ಇಳಿದಿರುವುದೇ ಹೆಚ್ಚು. ಹಾಗಾಗಿ ಮೂತ್ರ ಚೆನ್ನಾಗಿ ಹೋಗುತ್ತಿದೆ, ಕಿಡ್ನಿಗೆ ಏನೂ ಆಗಿಲ್ಲ ಅಂತ ತಿಳಿಯಬಾರದು. ನಾನು ಹಾಗೇ ತಿಳಿದು ಎರಡು ದಿನ ಕಳೆದೆ. ಆಮೇಲೆ ಮೂತ್ರ ಕಟ್ಟಿತು, ಕಣ್ಣು ಹಳದಿಯಾಯಿತು.

ನಾನು ಮಾಡಿದ ತಪ್ಪು

ಜ್ವರ ಬಂದ ಮೊದಲ ದಿನವೇ ಮೀನಖಂಡ ಹಿಡಿದುಕೊಂಡು ನಡೆಯಲಿಕ್ಕೆ ಆಗುತ್ತಿರಲಿಲ್ಲ. ಬಣವೆ ಕೆಲಸದ ದಣಿವು ಅಂತ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದೆ. ದಿನಕ್ಕೆ ಮೂರರಂತೆ ನಾಲ್ಕು ದಿನ. ಊಟ ಸೇರದು, ನೀರು ಕುಡಿದದ್ದೂ ಅಷ್ಟಕ್ಕಷ್ಟೆ. ಅಲ್ಲೇ ಒಬ್ಬರಿಂದ ಸೊಂಟಕ್ಕೆ ಎರಡು ನೋವಿನ ಇಂಜೆಕ್ಷನ್ನೂ ಹಾಕಿಸಿಕೊಂಡೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೇಳಿದ್ದು ನಾನೇ.

ಇದು ಯಾಕೆ ತಪ್ಪು ಅಂತ ಆಮೇಲೆ ಗೊತ್ತಾಯಿತು. ಮೈಯಲ್ಲಿ ನೀರು ಕಡಿಮೆ ಆದಾಗ ಕಿಡ್ನಿ ತನ್ನ ಸಣ್ಣ ರಕ್ತನಾಳಗಳನ್ನು ತೆರೆದಿಟ್ಟುಕೊಳ್ಳಲು ಪ್ರೊಸ್ಟಗ್ಲಾಂಡಿನ್ ಎಂಬ ಒಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಗುಳಿಗೆಗಳು ನೋವು ತೆಗೆಯುವುದೇ ಈ ವಸ್ತುವನ್ನು ತಡೆದು. ಮೊಣಕಾಲಿನಲ್ಲಿ ತಡೆದರೆ ನೋವು ಹೋಗುತ್ತದೆ, ಕಿಡ್ನಿಯಲ್ಲಿ ತಡೆದರೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಮೊದಲೇ ಊದಿ ಒತ್ತಿಕೊಂಡ ಕಿಡ್ನಿಗೆ ಇದು ಗಾಯದ ಮೇಲೆ ಬರೆ.

ಇದೇ ಡೈಕ್ಲೋಫೆನಾಕ್ ನಮ್ಮ ರಣಹದ್ದುಗಳನ್ನು ಮುಗಿಸಿತು. ಈ ಔಷಧ ಕೊಟ್ಟ ದನ ಸತ್ತಾಗ ಅದನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ಇದು ಗೊತ್ತಾದದ್ದು 2004ರಲ್ಲಿ. 2006ರಲ್ಲಿ ನಮ್ಮ ದೇಶದಲ್ಲಿ ದನಗಳಿಗೆ ಇದರ ಬಳಕೆ ನಿಷೇಧವಾಯಿತು. ಮನುಷ್ಯರ ಕಿಡ್ನಿ ಹದ್ದಿನಷ್ಟು ನಾಜೂಕಲ್ಲ, ಡಾಕ್ಟರು ಹೇಳಿದಾಗ, ಹೇಳಿದಷ್ಟು ದಿನ ತಿಂದರೆ ತೊಂದರೆ ಕಡಿಮೆ. ಆದರೆ ಸುಡು ಬಿಸಿಲಲ್ಲಿ ಕಳೆ ತೆಗೆದು, ನೀರು ಕುಡಿಯದೆ, ರಾತ್ರಿ ಒಂದು ಗುಳಿಗೆ ನುಂಗಿ ಮಲಗುವ ನಮ್ಮ ಪದ್ಧತಿ ಇದೆಯಲ್ಲ, ಅದು ಜ್ವರ ಇಲ್ಲದಿದ್ದರೂ ಕೆಟ್ಟದ್ದೇ. ಕಿಡ್ನಿ ಅರ್ಧ ಕೆಟ್ಟರೂ ನೋವಾಗುವುದಿಲ್ಲ, ಗೊತ್ತೂ ಆಗುವುದಿಲ್ಲ.

ಮತ್ತೆ ಬಿತ್ತನೆ

ಒಳ್ಳೆಯ ಸುದ್ದಿಯೂ ಇದೆ. ನಳಿಕೆಯ ಕೋಶಗಳು ಮತ್ತೆ ಹುಟ್ಟುತ್ತವೆ. ಬದುಕುಳಿದ ಕೋಶಗಳೇ ಒಡೆದು ಎರಡಾಗಿ ಗೋಡೆಯನ್ನು ಮತ್ತೆ ಕಟ್ಟುತ್ತವೆ. ಗಾಯಗೊಂಡ ನಳಿಕೆಯ ಕೋಶ ತನ್ನ ಮೈಮೇಲೆ ಕಿಮ್-1 ಎಂಬ ಒಂದು ಪ್ರೋಟೀನನ್ನು ಎಬ್ಬಿಸಿಕೊಂಡು, ಪಕ್ಕದ ಸತ್ತ ಕೋಶಗಳನ್ನು ತಾನೇ ನುಂಗಿ ಜಾಗ ಸ್ವಚ್ಛ ಮಾಡುತ್ತದೆ ಎಂದು 2008ರಲ್ಲಿ ತೋರಿಸಿದ್ದಾರೆ. ಕೂಲಿ, ಕಾವಲು, ಜೊತೆಗೆ ಜಾಡಮಾಲಿ ಕೆಲಸವೂ ಅದರದೇ. ಕಸ ಬೇಗ ತೆಗೆದರೆ ಗದ್ದಲವೂ ಬೇಗ ತಣ್ಣಗಾಗುತ್ತದೆ. ಕೂಗು ಕೇಳಿ ಬಂದ ಬಿಳಿಕಣಗಳಲ್ಲೂ ಕೆಲವು ಕೊನೆಗೆ ಬಣ್ಣ ಬದಲಿಸಿ ರಿಪೇರಿ ಕೆಲಸಕ್ಕೆ ನಿಲ್ಲುತ್ತವೆ.

ಅದಕ್ಕೇ ಇಲಿಜ್ವರದಲ್ಲಿ ಡಯಾಲಿಸಿಸ್ ಅಂದ ಕೂಡಲೇ ಮನೆಯವರು ಎದೆಗುಂದಬಾರದು. ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ನಿಧಾನ ಕೆಟ್ಟು ಡಯಾಲಿಸಿಸ್‌ಗೆ ಬಂದವರ ಹಾಗೆ ಜೀವನಪೂರ್ತಿ ಅದು ಬೇಕು ಅಂತಲ್ಲ. ಕೋಶಗಳು ಮತ್ತೆ ಹುಟ್ಟುವ ತನಕ ಯಂತ್ರ ನಮ್ಮನ್ನು ಕಾಯುತ್ತದೆ, ಅಷ್ಟೆ. ಹೆಚ್ಚಿನವರ ಕಿಡ್ನಿ ಮತ್ತೆ ಕೆಲಸಕ್ಕೆ ಬರುತ್ತದೆ. ನಾನು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದವನನ್ನು ಅವನ ಮನೆಯವರು "ಡಯಾಲಿಸಿಸ್ ಶುರು ಮಾಡಿದರೆ ಮುಗಿಯುವುದಿಲ್ಲ" ಅಂತ ಹೆದರಿ ಊರಿಗೆ ಕರೆದುಕೊಂಡು ಹೋದರು. ಅವನಿಗೆ ಇದ್ದದ್ದೂ ಇದೇ ಜ್ವರ. ವಯಸ್ಸು ಮೂವತ್ತೂ ಇರಲಿಲ್ಲ. ನಾಲ್ಕನೇ ದಿನಕ್ಕೆ ತೀರಿಕೊಂಡ ಅಂತ ಕೇಳಿದೆ. ಈ ಲೇಖನ ಬರೆಯಬೇಕು ಅನ್ನಿಸಿದ್ದು ಅವನಿಂದ.

ಆದರೆ ಗದ್ದಲ ಬಹಳ ದಿನ ನಡೆದರೆ ನಳಿಕೆಯ ಜಾಗದಲ್ಲಿ ನಾರು ಬೆಳೆಯುತ್ತದೆ. ಅಲ್ಲಿ ಮತ್ತೆ ಸೋಸುವ ಕೆಲಸ ಆಗುವುದಿಲ್ಲ. ತುಳಿದು ತುಳಿದು ಗಟ್ಟಿಯಾದ ಕಾಲುದಾರಿಯಲ್ಲಿ ಬೀಜ ಹುಟ್ಟದ ಹಾಗೆ. ಬೇಗ ಔಷಧ ಸಿಕ್ಕರೆ ಹುಳು ಬೇಗ ಸಾಯುತ್ತದೆ, ಕೂಗು ಬೇಗ ನಿಲ್ಲುತ್ತದೆ, ನಾರು ಕಡಿಮೆ. ಇಡೀ ಲೆಕ್ಕ ಇಷ್ಟೇ.

ಗುರುತಿಸುವುದು ಹೇಗೆ?

ಇದ್ದಕ್ಕಿದ್ದಂತೆ ಚಳಿ ಜ್ವರ, ತಲೆನೋವು, ಮೀನಖಂಡ ಮತ್ತು ಸೊಂಟದಲ್ಲಿ ಮುಟ್ಟಲಾಗದಷ್ಟು ನೋವು, ಪಿಸುರಿಲ್ಲದೆ ಕೆಂಪಾದ ಕಣ್ಣು. ಇವು ಮೊದಲ ಗುರುತುಗಳು. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರಾಟಕ್ಕೆ ಕಷ್ಟ, ಕೆಮ್ಮಿನಲ್ಲಿ ರಕ್ತ, ಇವು ಅಪಾಯದ ಗುರುತುಗಳು. ಆಮೇಲಿನದಕ್ಕೆ ಕಾಯಬಾರದು.

ಡಾಕ್ಟರ ಹತ್ತಿರ ಹೋದಾಗ ಜ್ವರ ಅಂತ ಮಾತ್ರ ಹೇಳಬೇಡಿ. "ಕೊಟ್ಟಿಗೆ ಚರಂಡಿ ಬಳಿದಿದ್ದೆ, ಹೊಂಡದಲ್ಲಿ ನಿಂತಿದ್ದೆ, ಮನೆಯಲ್ಲಿ ಇಲಿ ಬಹಳ" ಅಂತ ಮಾಡಿದ ಕೆಲಸ ಹೇಳಿ. ಏಕೆಂದರೆ ಸಾಮಾನ್ಯವಾಗಿ ಮಾಡುವ ರಕ್ತ ಪರೀಕ್ಷೆ ನೋಡುವುದು ಈ ಹುಳುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಅದು ತಯಾರಾಗಲು ಒಂದು ವಾರದಷ್ಟು ಬೇಕು. ಮೂರನೇ ದಿನ ಪರೀಕ್ಷೆ ಮಾಡಿಸಿ ಇಲ್ಲ ಅಂತ ಬಂದರೆ ಇಲ್ಲವೆಂದೇ ಅರ್ಥವಲ್ಲ. ಕೆಲಸ ಕೇಳಿ ಅನುಮಾನ ಬಂದರೆ ಡಾಕ್ಟರು ಪರೀಕ್ಷೆಯ ಉತ್ತರಕ್ಕೆ ಕಾಯದೆ ಔಷಧ ಶುರು ಮಾಡುತ್ತಾರೆ. ಔಷಧ ದುಬಾರಿಯೂ ಅಲ್ಲ. ಸಾಧಾರಣ ಜ್ವರವಿದ್ದರೆ ಡಾಕ್ಸಿಸೈಕ್ಲಿನ್, ಜೋರಾದರೆ ಪೆನ್ಸಿಲಿನ್ ಜಾತಿಯ ಇಂಜೆಕ್ಷನ್. ರಕ್ತದ ಕ್ರಿಯಾಟಿನಿನ್ ಎಷ್ಟಿದೆ ಅಂತಲೂ ಕೇಳಿ. ಸಾಮಾನ್ಯವಾಗಿ ಒಂದರ ಆಸುಪಾಸು ಇರಬೇಕಾದ ಅದು ನನಗೆ ಏಳಕ್ಕೆ ಹೋಗಿತ್ತು.

ಲೋಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಈ ಜ್ವರ ಬರುತ್ತದೆ, ಸುಮಾರು 59 ಸಾವಿರ ಜನ ಸಾಯುತ್ತಾರೆ ಎಂದು 2015ರ ಒಂದು ಅಂದಾಜು ಹೇಳುತ್ತದೆ. ನಮ್ಮಂಥ ಮಣ್ಣಿನ ಕೆಲಸದವರಿಗೆ, ಚರಂಡಿ ಕೆಲಸದವರಿಗೆ ಇದರ ಅಪಾಯ ಹೆಚ್ಚು.

ನಾನು ಈಗ ಮಾಡುತ್ತಿರುವುದು

ಕೊಟ್ಟಿಗೆ, ಚರಂಡಿ, ಹೊಂಡದ ಕೆಲಸಕ್ಕೆ ಗಂಬೂಟು ಹಾಕುತ್ತೇನೆ. ಎರಡು ಎತ್ತಿನ ಮುಂದೆ ಅದರ ಬೆಲೆ ಏನೂ ಅಲ್ಲ. ಹಿಮ್ಮಡಿಗೆ ರಾತ್ರಿ ಹರಳೆಣ್ಣೆ ಸವರುತ್ತೇನೆ, ಬಿರುಕು ಕಡಿಮೆಯಾಗಿದೆ. ಗಾಯವಿದ್ದ ದಿನ ಆ ಕೆಲಸಕ್ಕೆ ಇಳಿಯುವುದಿಲ್ಲ.

ಬಣವೆಯನ್ನು ನೆಲದ ಮೇಲೆ ಒಟ್ಟುವುದಿಲ್ಲ, ಕಲ್ಲು ಚಪ್ಪಡಿಯ ಮೇಲೆ ಎತ್ತರಕ್ಕೆ ಒಟ್ಟುತ್ತೇನೆ. ಅಡಿಯಲ್ಲಿ ಗಾಳಿ ಆಡುತ್ತದೆ, ಇಲಿ ಗೂಡು ಕಟ್ಟುವುದು ಕಡಿಮೆ, ಮೇವೂ ಕೊಳೆಯುವುದಿಲ್ಲ. ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು ಮೂತ್ರ ನಿಲ್ಲದ ಹಾಗೆ ಮಾಡಿದ್ದೇನೆ. ಒಣ ಭೂಮಿ, ಬಿಸಿಲು ಈ ಹುಳುವಿನ ಶತ್ರು. ಅವೆರಡೂ ನಮ್ಮಲ್ಲಿ ಧಾರಾಳ ಇವೆ, ಬಳಸಿಕೊಳ್ಳಬೇಕು.

ಜೀವಾಮೃತ ಮಾಡುವವರು ಒಂದು ಮಾತು ಗಮನಿಸಬೇಕು. ಗಂಜಲವನ್ನು ಬರಿಗೈಯಲ್ಲಿ ಕಲಸಬೇಡಿ, ಉದ್ದ ಕೋಲು ಬಳಸಿ. ದನಕ್ಕೆ ಈ ರೋಗವಿದ್ದರೆ ಗಂಜಲದಲ್ಲಿ ಹುಳು ಇರುತ್ತದೆ. ದನ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಗಬ್ಬದ ದನ ಕಂದು ಹಾಕಿದರೆ, ಹಾಲು ದಿಢೀರ್ ಇಳಿದರೆ, ಕರುವಿನ ಮೂತ್ರ ಕೆಂಪಾದರೆ ಪಶುವೈದ್ಯರಿಗೆ ತೋರಿಸಿ. ಕಂದು ಹಾಕಿದ್ದನ್ನು ಬರಿಗೈಯಲ್ಲಿ ಎತ್ತಬೇಡಿ. ನಾಯಿಗೆ ಹಾಕಿಸುವ ಲಸಿಕೆಗಳಲ್ಲಿ ಇದಕ್ಕೂ ರಕ್ಷಣೆ ಇರುವಂಥವು ಸಿಗುತ್ತವೆ, ಕೇಳಿ ಹಾಕಿಸಿ.

ನೆರೆ ಬಂದಾಗ, ಕೊಳಚೆಯಲ್ಲಿ ಇಳಿಯಲೇಬೇಕಾದಾಗ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿಯೂ ಇದೆ. 2018ರ ನೆರೆಯಲ್ಲಿ ಕೇರಳದಲ್ಲಿ ಕೆಲಸಗಾರರಿಗೆ ಹೀಗೆ ಕೊಟ್ಟರು. ನಾವೇ ಅಂಗಡಿಯಿಂದ ತಂದು ನುಂಗುವುದಲ್ಲ, ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಬೇರೆ ಲೆಕ್ಕ.

ನೋವಿನ ಗುಳಿಗೆ ಮನೆಯಲ್ಲಿ ಇಟ್ಟಿಲ್ಲ. ಹೊಲಕ್ಕೆ ಹೋಗುವಾಗ ಎರಡು ಲೀಟರಿನ ಕ್ಯಾನಿನಲ್ಲಿ ನೀರು ಒಯ್ಯುತ್ತೇನೆ, ತುಂಬಿದ ಕ್ಯಾನು ಸಂಜೆ ಖಾಲಿ ಬರಬೇಕು ಅಂತ ಮನೆಯಾಕೆಯ ಕಟ್ಟಪ್ಪಣೆ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡಿಸುತ್ತೇನೆ. ಈಗ 1.2 ಇದೆ.

ಕೊನೆಯ ಮಾತು

ನಮ್ಮ ಕಿಡ್ನಿಯ ಕೋಶಗಳು ಸುಮ್ಮನೆ ಕೂತಿಲ್ಲ. ರೋಗಾಣು ಬಂದರೆ ಮೂಸುತ್ತವೆ, ಕೂಗುತ್ತವೆ, ಊರು ಸೇರಿಸುತ್ತವೆ, ಆಮೇಲೆ ಕಸವನ್ನೂ ತೆಗೆಯುತ್ತವೆ. ಅವುಗಳ ಕೈಯಲ್ಲಿ ಆಗದ್ದು ಒಂದೇ, ಆ ಕೂಗನ್ನು ನಮ್ಮ ಕಿವಿಗೆ ಮುಟ್ಟಿಸುವುದು. ಮೀನಖಂಡದ ನೋವು, ಕೆಂಪು ಕಣ್ಣು ಇವೇ ನಮಗೆ ಸಿಗುವ ಸುಳಿವು. ಆ ಸುಳಿವನ್ನು ಗುಳಿಗೆ ನುಂಗಿ ಅಡಗಿಸಿಬಿಟ್ಟರೆ ಅಟ್ಟಣಿಗೆಯವನ ಬಾಯಿ ಕಟ್ಟಿ ಹಾಕಿದ ಹಾಗೆ ಆಗ್ತದೆ. ಈ ಮುಂಗಾರಿಗೆ ಬಣವೆ ಅಡಿ ಕೆರೆಯುವ ಮೊದಲು ನಿಮ್ಮ ಹಿಮ್ಮಡಿಯನ್ನೊಮ್ಮೆ ನೋಡಿಕೊಳ್ಳಿ.